ಉಲ್ಟಾ ಪೆಡಲ್

ಅಕ್ಕನ ಕೀಬೋರ್ಡಿಗೆ ಕಾಲಿನಲ್ಲಿ ಒತ್ತುವ ಪೆಡಲ್ ಇರಲಿಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಕೀಬೋರ್ಡು, ಹಾಗೆಯೇ ಬಂದಿತ್ತು. ಏಳು ವರ್ಷ ಹಾಗೆಯೇ ನುಡಿಸಿದ್ದಳು. ನೃತ್ಯಶಾಲೆಯ ಗೋಡೆಯ ಮೇಲೆ 'ಕೀಬೋರ್ಡ್ ನುಡಿಸುವವರು ಬೇಕು, ಪೆಡಲ್ ಕಡ್ಡಾಯ' ಎಂಬ ಚೀಟಿ ಕಾಣುವವರೆಗೆ ಅದೊಂದು ಕೊರತೆ ಎಂದು ಅವಳಿಗೆ ಅನ್ನಿಸಿರಲಿಲ್ಲ.

ನಮ್ಮದು ಬಟ್ಟೆ ರಿಪೇರಿ ಅಂಗಡಿ. ಜಿಪ್ಪು ಬದಲಿಸುತ್ತೇವೆ, ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತೇವೆ, ಊಟ ಹೆಚ್ಚಾದವರ ಸೊಂಟ ಬಿಡಿಸುತ್ತೇವೆ. ಅಕ್ಕನಿಗೊಂದು ಹೊಲಿಗೆಯ ಕಾಲು ಮಷಿನ್, ನನಗೊಂದು. ಹದಿನಾಲ್ಕು ವರ್ಷದಿಂದ ಅವಳು ಅದರ ಮುಂದೆ ಬಗ್ಗಿ ಕೂತಿದ್ದಾಳೆ. ನೃತ್ಯಶಾಲೆಯ ಕೆಲಸ ವಾರಕ್ಕೆ ನಾಲ್ಕು ಮಧ್ಯಾಹ್ನ.

"ನಾಲ್ಕು ಮಧ್ಯಾಹ್ನ ಯಾರ ಸೊಂಟದ ಸುದ್ದಿಯೂ ಇಲ್ದೆ ಕೂತ್ಕೋತೀನಿ ಕಣೇ" ಎಂದಳು. ಅವಳು ಏನನ್ನಾದರೂ ಬೇಕು ಎಂದು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದೇ ಕಡಿಮೆ.

ಅಲ್ಲಿ ನುಡಿಸಿ ತೋರಿಸುವ ಪರೀಕ್ಷೆಗೆ ಹನ್ನೆರಡು ದಿನವಿತ್ತು. ವಾದ್ಯದ ಅಂಗಡಿಗೆ ಇಬ್ಬರೂ ಹೋದೆವು.

"ಯಾವ ಮಾಡೆಲ್?" ಅಂಗಡಿಯವರು ಕೇಳಿದರು.

"ಕಪ್ಪಗಿದೆ" ಎಂದಳು ಅಕ್ಕ.

"ಎಲ್ಲಾ ಕಪ್ಪಗೇ ಇರುತ್ತಮ್ಮ. ಅಡಿಯಲ್ಲಿ ನಂಬರ್ ಬರೆದಿರುತ್ತಲ್ಲ."

"ಅಳಿಸಿ ಹೋಗಿದೆ."

ಅವರು ಒಂದು ಪೆಡಲ್ ತೆಗೆದು ತಮ್ಮ ಕೀಬೋರ್ಡಿಗೆ ಸಿಕ್ಕಿಸಿ, ಸ್ವಿಚ್ ಹಾಕಿ ತೋರಿಸಿದರು. ಒತ್ತಿದರೆ ಸ್ವರ ಎಳೆದುಕೊಂಡು ನಿಲ್ಲುತ್ತಿತ್ತು, ಬಿಟ್ಟರೆ ತಟ್ಟನೆ ಆರುತ್ತಿತ್ತು. ಮನೆಗೆ ತಂದರೆ ಪೂರ್ತಿ ತಿರುಗುಮುರುಗು. ಕಾಲು ಎತ್ತಿದರೆ ಸ್ವರ ಆರಲೊಲ್ಲದು, ಒತ್ತಿದರೆ ಸತ್ತೇ ಹೋಗುತ್ತದೆ.

ಮರುದಿನ ವಾಪಸು ಒಯ್ದೆವು. ಅಂಗಡಿಯವರಿಗೆ ಆಶ್ಚರ್ಯವಾಗಲಿಲ್ಲ. "ಕೆಲವು ಕಂಪನಿಯದಕ್ಕೆ ಒತ್ತಿದಾಗ ಒಳಗೆ ತಂತಿ ಕೂಡಬೇಕು, ಕೆಲವಕ್ಕೆ ಬಿಡಬೇಕು. ಹೊಂದಿಲ್ಲ ಅಂದ್ರೆ ಉಲ್ಟಾ. ಬದಲಿಗೆ ಈ ಪೆಡಲ್ ತಗೊಳ್ಳಿ, ಅಡಿಯಲ್ಲಿ ಗುಂಡಿ ಇದೆ. ಕೀಬೋರ್ಡ್ ಆಫ್ ಮಾಡಿ, ಗುಂಡಿ ಆ ಕಡೆಗೆ ತಳ್ಳಿ, ಆಮೇಲೆ ಆನ್ ಮಾಡಿ."

ಆ ಕಡೆಗೆ ತಳ್ಳಿದಳು, ಉಲ್ಟಾ. ಈ ಕಡೆಗೆ ತಳ್ಳಿದಳು, ಆಗಲೂ ಉಲ್ಟಾ. ಅಂಗಡಿಯವರಿಗೆ ಫೋನ್ ಮಾಡಿದರೆ, ಕೀಬೋರ್ಡನ್ನೇ ಹೊತ್ತು ತನ್ನಿ ಎಂದರು. ಮದುವೆಯೊಂದರ ಹದಿನೆಂಟು ಜೊತೆ ಬಟ್ಟೆ ನಮ್ಮ ಮೇಜಿನ ಮೇಲೆ ಬಿದ್ದಿತ್ತು. ಹೊರುವವರು ಯಾರು?

"ಉಲ್ಟಾನೇ ಕಲಿತುಬಿಡು" ಎಂದವಳು ನಾನು. "ಕಾಲಿಗೇನು ಗೊತ್ತಾಗುತ್ತೆ?"

ಅಕ್ಕ ಕಲಿತಳು. ಅಂಗಡಿ ಮುಚ್ಚಿ ಬಂದು, ಕೈಕಾಲು ತೊಳೆದು, ಒಂಬತ್ತು ದಿನ ಪಟ್ಟು ಹಿಡಿದು ಕೂತಳು. ಸ್ವರ ಬೇಕಾದಾಗ ಕಾಲೆತ್ತುವುದು, ಬೇಡವಾದಾಗ ಒತ್ತುವುದು. ಎಂಟನೆಯ ದಿನದ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದಲೇ "ಇವತ್ತು ಕೇಳೋ ಹಾಗಿದೆ" ಎಂದರು. ಆ ಅಜ್ಜಿ ಯಾರನ್ನೂ ಸುಮ್ಮನೆ ಹೊಗಳುವವರಲ್ಲ.

ಪರೀಕ್ಷೆಯ ದಿನ ನೃತ್ಯಶಾಲೆಯ ಗುಮಾಸ್ತರು ನಮ್ಮ ಕೈಯಿಂದ ಕೀಬೋರ್ಡ್ ಇಸಿದುಕೊಂಡು, ಸ್ಟ್ಯಾಂಡಿನ ಮೇಲಿಟ್ಟು, ವೈರು ಸಿಕ್ಕಿಸಿ, ಸ್ವಿಚ್ ಹಾಕಿಟ್ಟರು. ಅಕ್ಕ ಆಗ ನೀರು ಕುಡಿಯುತ್ತಿದ್ದಳು. ಬಂದು ಕೂತಳು, ಕಾಲಿಟ್ಟು ಒತ್ತಿಕೊಂಡಳು, ಶುರುಮಾಡಿದಳು.

ಎಲ್ಲ ಸ್ವರಗಳೂ ಒಂದರ ಮೇಲೊಂದು ಬಿದ್ದು ಕಲಸಿದ ಹಿಟ್ಟಿನಂತಾದವು. ಕಾಲೆತ್ತಿದಳು, ಸ್ವರ ತುಂಡಾಯಿತು. ಪೆಡಲ್ ಅಲ್ಲಿ ಸರಿಯಾಗಿ ಕೆಲಸ ಮಾಡುತ್ತಿತ್ತು. ಅವಳ ಕಾಲು ಉಲ್ಟಾ ಇತ್ತು.

ನೃತ್ಯದ ಮೇಡಂ ಮೂರು ಸಲ ಮೊದಲಿಂದ ಶುರುಮಾಡಲು ಬಿಟ್ಟರು. ಮೂರನೆಯ ಸಲ ಮುಗಿದಾಗ ಮೆಲ್ಲಗೆ, "ಕೈ ಚೆನ್ನಾಗಿದೆ ನಿಮ್ಮದು. ಕಾಲು ಇನ್ನೂ ಕೂತಿಲ್ಲ" ಎಂದರು. ಅಕ್ಕ ಹೌದು ಎಂದು ತಲೆಯಾಡಿಸಿದಳು.

ಮನೆಗೆ ಬಂದು ನಾನು ಕೀಬೋರ್ಡನ್ನು ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದೆ. ಅದನ್ನು ನಾನು ಆನ್ ಮಾಡಿದ್ದು ಅದೇ ಮೊದಲು. ಒಂದು ಸ್ವರ ನುಡಿಸಿ, ಪೆಡಲನ್ನು ಕೈಯಲ್ಲೇ ಒತ್ತಿ ನೋಡಿದೆ.

"ಸರಿಯಾಗೇ ಇದೆಯಲ್ಲೇ."

"ಸರಿ, ಆಫ್ ಮಾಡು. ನಾನು ನೋಡ್ತೀನಿ."

ಅಕ್ಕ ಕೂತಳು. ಕಾಲನ್ನು ಪೆಡಲಿನ ಮೇಲಿಟ್ಟು ಒತ್ತಿದಳು. ಆಮೇಲೆ ಕೈ ಚಾಚಿ ಸ್ವಿಚ್ ಹಾಕಿದಳು. ಉಲ್ಟಾ.

ಮಷಿನ್ ಮುಂದೆ ಕೂರುವುದು ಹಾಗೆಯೇ. ಮೊದಲು ಕಾಲು ಇಡುತ್ತೇವೆ, ಆಮೇಲೆ ಕೈ ಚಕ್ರಕ್ಕೆ ಹೋಗುತ್ತದೆ. ನಾನಾಗಿದ್ದರೂ ಹಾಗೇ ಕೂರುತ್ತಿದ್ದೆ.

"ಕಾಲು ತೆಗೆ" ಎಂದೆ. "ಈಗ ಹಾಕು."

ಸರಿಯಾಯಿತು. ನಾಲ್ಕು ಸಲ ಆಫ್ ಮಾಡಿ ಆನ್ ಮಾಡಿದೆವು. ಕಾಲಿಟ್ಟರೆ ಉಲ್ಟಾ, ಇಡದಿದ್ದರೆ ಸರಿ.

ಅಂಗಡಿಯವರಿಗೆ ಫೋನ್ ಮಾಡಿದೆ. "ಹೌದಮ್ಮ, ಆನ್ ಆಗೋವಾಗ ಪೆಡಲ್ ಹೇಗಿರುತ್ತೋ ಅದನ್ನೇ ಕಾಲು ಬಿಟ್ಟ ಸ್ಥಿತಿ ಅಂತ ತಿಳ್ಕೊಳ್ಳುತ್ತೆ ಕೀಬೋರ್ಡು. ಮೊದಲನೇ ಪೆಡಲೇ ಹೊಂದ್ತಿತ್ತೇನೋ. ಆದ್ರೆ ಆನ್ ಮಾಡೋಕ್ಕೆ ಮುಂಚೆ ಯಾರು ಕಾಲಿಡ್ತಾರೆ?"

"ದರ್ಜಿಗಳು" ಎಂದು ಫೋನ್ ಇಟ್ಟೆ.

ನೃತ್ಯದ ಮೇಡಂಗೂ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಪಾಪ ಎಂದರು. ಆದರೆ ಆಗಲೇ ಬೇರೆಯವರಿಗೆ ಮಾತು ಕೊಟ್ಟಾಗಿತ್ತು.

ಅಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮರುದಿನ ಎಂಟು ಗಂಟೆಗೆ ಇಬ್ಬರೂ ಅಂಗಡಿ ತೆಗೆದೆವು.

ಹೋದದ್ದು ಒಂದು ಕೆಲಸ, ಒಂಬತ್ತು ದಿನ.