ಭೂಮಿಕಾ ಓಡಿದ ಭಾನುವಾರ

“ಏನೇ ಮುಂಡೆ, ಅರಮನೆ ರಾಣೀನಾ ನೀನು? ಬಾವುಟ ಎತ್ತಿ ಹಿಡಿಯೋಕೂ ಕೈ ನೋಯ್ತವಾ?”

ಗುತ್ತಿಗೆ ಹೆಂಗಸರ ಸೂಪರ್‌ವೈಸರ್ ಮೂರ್ತಿ ಪಾರ್ವತಮ್ಮನ ಮೊಣಕೈಯನ್ನು ತನ್ನ ಕೈಲಿದ್ದ ಕೋಲಿನಿಂದ ಮೇಲೆತ್ತಿದ. ಕಾರ್ಖಾನೆಯ ಕಸ ಗುಡಿಸುವ ನಲವತ್ತು ಹೆಂಗಸರು ಮತ್ತಿಗಿರಿ ರಸ್ತೆಯ ಪಕ್ಕದಲ್ಲಿ ಬೆಳಗಿನ ಐದೂವರೆಯಿಂದ ನಿಂತಿದ್ದರು. ಈಗ ಒಂಬತ್ತು ದಾಟಿತ್ತು. ಆರಕ್ಕೆ ಬಾವುಟ ಬೀಸಿ ಓಟ ಶುರು ಮಾಡಬೇಕಿದ್ದ ಮುಖ್ಯ ಅತಿಥಿಯ ಕಾರು ಇನ್ನೂ ಬಂದಿರಲಿಲ್ಲ.

“ಗಂಟ್ಲು ಒಣಗೋಗೈತೆ ಸಾ, ಒಂದ್ ಲೋಟ ನೀರು...”

“ಅದು ಓಡೋರ್ಗೆ ಇಟ್ಟಿರೋ ನೀರು. ನೋಡೋರ್ಗಲ್ಲ.”

ಪಾರ್ವತಮ್ಮನ ಪಕ್ಕದಲ್ಲಿ ನಿಂತಿದ್ದ ಗಂಗಾದೇವಿಯ ಕಣ್ಣು ರಸ್ತೆಯಾಚೆಗಿತ್ತು. ‘ಮಹಿಳಾ ಆರೋಗ್ಯ ಓಟ’ ಎಂಬ ದೊಡ್ಡ ಬ್ಯಾನರಿನ ಮೇಲೆ ಅವಳ ತಂಗಿ ಭೂಮಿಕಾ ನಗುತ್ತಿದ್ದಳು. ಬ್ಯಾನರಿನ ಕೆಳಗೆ ಅದೇ ಭೂಮಿಕಾ ಮೆಟ್ಟಿಲ ಮೇಲೆ ಕೂತು ತೂಕಡಿಸುತ್ತಿದ್ದಳು. ಶಾಲೆಯಲ್ಲಿದ್ದಾಗ ತಮಿಳುನಾಡಿನ ಈ ಕೃಷ್ಣಗಿರಿ ಜಿಲ್ಲೆಗೆಲ್ಲ ಮೊದಲಾಗಿ ಓಡಿದವಳು. ಈಗ ಅದೇ ಕಾರ್ಖಾನೆಯಲ್ಲಿ ವೈರು ಜೋಡಿಸುವ ಗುತ್ತಿಗೆ ಕೆಲಸ. ರಾತ್ರಿಯಿಡೀ ಶಿಫ್ಟಿನಲ್ಲಿ ನಿಂತವಳನ್ನು ಬೆಳಿಗ್ಗೆ ಗೇಟಿನಿಂದಲೇ ಬಸ್ಸು ಹತ್ತಿಸಿ ಇಲ್ಲಿಗೆ ತಂದು ಇಳಿಸಿದ್ದರು.

ಗಂಗಾದೇವಿ ಮೂರ್ತಿಯ ಹತ್ತಿರ ಹೋದಳು. “ಸಾ, ರಾತ್ರಿ ಎಲ್ಲಾ ನಿಂತ್ಕಂಡು ಕೆಲ್ಸ ಮಾಡವ್ಳೆ. ಹಿಂಗೇ ಹೋಗಿ ಎರಡಿಡ್ಲಿ ತಿಂದ್ಕಂಡು ಬಂದ್ಬುಡ್ಲಿ.”

“ಹೊಟ್ಟೆ ತುಂಬಿಸ್ಕಂಡು ಹಂದಿ ಓಡ್ದಂಗೆ ಓಡ್ತಾಳಾ? ಬ್ಯಾನರ್ ಮ್ಯಾಲೆ ಇರೋದು ಇವ್ಳ ಮೋರೆ ಕಣೇ. ಇವತ್ತು ಇವ್ಳೇ ಮೊದ್ಲು ಬರ್ಬೇಕು. ಇಲ್ಲಾಂದ್ರೆ ನಾಳೆ ಇಬ್ಬರ ಗೇಟ್‌ಪಾಸೂ ಕಿತ್ಕಂತೀನಿ.”

ಎದ್ದು ಬಂದ ಭೂಮಿಕಾ ಅಕ್ಕನ ಸೆರಗೆಳೆದಳು. “ಬಿಡಕ್ಕ, ಈ ನಾಯಿ ತಾವ ಏನ್ ಮಾತು. ಗೆದ್ಬುಟ್ಟೇ ತಿಂತೀನಿ.”

ಒಂಬತ್ತೂವರೆಗೆ ಅತಿಥಿ ಹೆಂಡತಿಯ ಜೊತೆ ಬಂದ. ಶಾಮಿಯಾನದೊಳಗೆ ಎರಡು ಕೂಲರು ತಿರುಗತೊಡಗಿದವು. ಓಟ ಶುರುವಾಯಿತು.

ಭೂಮಿಕಾ ಮೊದಲಾಗಿಯೇ ಬಂದಳು. ಗೆರೆ ದಾಟಿ, ಎದೆಗೆ ಸಿಕ್ಕಿದ ರಿಬ್ಬನ್ನಿನ ಸಮೇತ ಮುಗ್ಗರಿಸಿದಳು. ಕ್ಯಾಮೆರಾದವರು ಗುಂಪಾಗಿ ಬಗ್ಗಿದರು. “ಗೆದ್ದ ಖುಷಿಗೆ ಕುಸಿದುಬಿಟ್ಟಿದ್ದಾರೆ!” ಎಂದು ಮೈಕು ಕೂಗಿತು. ಗಂಗಾದೇವಿ ಬಾವುಟ ಬಿಸಾಡಿ ಓಡಿದಳು. ತಂಗಿಯ ಮೈ ಕಾದ ಹೆಂಚಾಗಿತ್ತು, ಬೆವರಿನ ಒಂದು ಹನಿಯೂ ಇರಲಿಲ್ಲ. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿದ್ದವು.

“ಅಂಬುಲೆನ್ಸ್ ಕರೀರೋ! ಯಾರಾದ್ರೂ ಕರೀರೋ!”

ಇದ್ದ ಒಂದೇ ಅಂಬುಲೆನ್ಸ್ ಹೊರಟಿತ್ತು, ಇತ್ತ ಕಡೆಗಲ್ಲ. ಬಿದ್ದವಳನ್ನು ವೇದಿಕೆಯಿಂದ ನೋಡಿ ಅತಿಥಿಯ ಹೆಂಡತಿಗೆ ತಲೆ ಸುತ್ತಿತ್ತು. ಗಾಡಿ ಹಿಮ್ಮುಖವಾಗಿ ಶಾಮಿಯಾನದವರೆಗೆ ಹೋಯಿತು. ಗಂಗಾದೇವಿ ಅದರ ಬಾಗಿಲಿಗೆ ಜೋತುಬಿದ್ದಳು.

“ಒಳಗೆ ಜಾಗ ಐತಲ್ಲಾ ಸಾ, ನಿಮ್ ಕಾಲಿಗೆ ಬೀಳ್ತೀನಿ, ಇವ್ಳನ್ನೂ ಹಾಕ್ಕಳಿ...”

ಮೂರ್ತಿ ಅವಳ ಜಡೆ ಹಿಡಿದು ಎಳೆದ. “ಜರುಗೇ ಬೋಸುಡಿ! ಅಮ್ಮಾವ್ರಿಗೆ ಹುಷಾರಿಲ್ಲ. ನಿನ್ ತಂಗಿ ನಾಟ್ಕ ಆಡ್ತಾವ್ಳೆ, ಮಕಕ್ಕೆ ನೀರು ಚಿಮುಕ್ಸು.”

ನೀರಿನ ಕ್ಯಾನು ತಂದಿದ್ದ ಲಗೇಜು ಆಟೋದಲ್ಲಿ ಭೂಮಿಕಾಳನ್ನು ಮಲಗಿಸಿಕೊಂಡು ಗಂಗಾದೇವಿ ಆಸ್ಪತ್ರೆ ಸೇರುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ಬಿಸಿಲು ನೆತ್ತಿಗೇರಿದೆ, ಅರ್ಧ ಗಂಟೆ ಮುಂಚೆ ಬಂದಿದ್ದರೆ ಪ್ರಯತ್ನ ಮಾಡಬಹುದಿತ್ತು ಎಂದು ಡಾಕ್ಟರಮ್ಮ ತಮಿಳಿನಲ್ಲಿ ಹೇಳಿ ತಲೆ ತಗ್ಗಿಸಿದರು.

ಮಣ್ಣು ಮಾಡಿ ಬಂದ ಮೇಲೆ ರಘುನಾಥ್ ಬಂದ. ಬಾಗಲೂರು ಪಕ್ಕದಲ್ಲಿ ಗಂಗಾದೇವಿಯಿದ್ದ ಕಾಲನಿಯ ದಾಸಪ್ಪನ ಮಗ, ಹೊಸೂರಿನ ಕೇಬಲ್ ಚಾನೆಲ್ಲಿನ ವರದಿಗಾರ. ಅವನು ಕೂಸಾಗಿದ್ದಾಗ ಗಂಗಾದೇವಿಯೇ ಸೊಂಟದ ಮೇಲೆ ಹೊತ್ತು ತಿರುಗಿದ್ದಳು. ಅವಳೆದುರು ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಮೊಬೈಲು ಎತ್ತಿ ಹಿಡಿದ.

“ಎಲ್ಲಾ ಹೇಳ್ಬುಡಕ್ಕ. ನಾನಿದ್ದೀನಿ. ಯಾವನ್ ತಡೀತಾನೋ ನೋಡ್ತೀನಿ.”

ಗಂಗಾದೇವಿ ಎಲ್ಲವನ್ನೂ ಹೇಳಿದಳು. ಬಿಸಿಲು, ನೀರು, ಅಂಬುಲೆನ್ಸು, ಜಡೆ ಎಳೆದದ್ದು. “ಖಾಲಿ ಹೊಟ್ಟೇಲಿ ಓಡಿಸ್ಬುಟ್ರು ಕಣ್ಲಾ ರಘು. ತಿನ್ನಾಕೆ ಬಿಡ್ಲಿಲ್ಲ.”

ಮಾರನೆಯ ದಿನ ಮಧ್ಯಾಹ್ನ ಕಾಲನಿಯ ಟೀ ಅಂಗಡಿಯಲ್ಲಿ ಟಿವಿಯ ಮುಂದೆ ಜನ ಸೇರಿದರು. ಮೊದಲು ಪರದೆಯ ಮೇಲೆ ಅತಿಥಿಯ ಹೆಂಡತಿ ಬಂದಳು, ಕೈಯಲ್ಲಿ ಹೂಗುಚ್ಛ ಹಿಡಿದು. ಆಮೇಲೆ ಗಂಗಾದೇವಿಯ ಮುಖ ಬಂತು. ಅವಳ ದನಿ ಅವಳಿಗೇ ಕೇಳಲಿಲ್ಲ. ಅದರ ಮೇಲೆ ಯಾವುದೋ ಪಿಟೀಲು ಅಳುತ್ತಿತ್ತು. ಅವಳ ಬಾಯಿ ಆಡುತ್ತಿದ್ದಂತೆ ಕೆಳಗೆ ತಮಿಳು ಅಕ್ಷರ ಓಡಿದವು. ಅವಳಿಗೆ ತಮಿಳು ಓದಲು ಬರದು.

“ಏನ್ ಬರ್ದವ್ರೆ ಸೆಲ್ವಿ?”

ಜೊತೆಗೆ ಗುಡಿಸುವ ಸೆಲ್ವಿ ತುಟಿ ಕಚ್ಚಿಕೊಂಡಳು. “ತಂಗಚ್ಚಿ ಹಠಮಾರಿ, ತೆಳ್ಳಗಾಗ್ಬೇಕು ಅಂತ ತಿಂತಾನೇ ಇರ್ಲಿಲ್ಲ ಅಂತ ನೀನು ಹೇಳ್ದಂಗೆ ಐತೆ ಅಕ್ಕ.”

“ತಿನ್ನಾಕೆ ಬಿಡ್ಲಿಲ್ಲ ಅಂದೆ ಕಣೇ ನಾನು!”

“ಬಿಡ್ಲಿಲ್ಲ ಅನ್ನೋದೇ ಇಲ್ಲ. ತಿನ್ಲಿಲ್ಲ ಅಂತೈತೆ. ಸಂಘಟಕರ ಸಮಯಪ್ರಜ್ಞೆಯಿಂದ ಒಂದು ಜೀವ ಉಳೀತು ಅಂತಾನೂ ಐತೆ.”

ಗಂಗಾದೇವಿ ನೆಟ್ಟಗೆ ದಾಸಪ್ಪನ ಮನೆಗೆ ನಡೆದಳು. ರಘುನಾಥ್ ಬಚ್ಚಲ ಪಕ್ಕ ಮುಖ ತೊಳೆಯುತ್ತಿದ್ದ.

“ನಾನ್ ಪೂರಾ ಕಳ್ಸಿದ್ದೆ ಅಕ್ಕ. ಆಫೀಸ್ನೋರು ಕತ್ತರಿಸ್ಬುಟ್ರು. ಕಂಪನಿ ಜಾಹೀರಾತಿಲ್ದೆ ಚಾನೆಲ್ ನಡೆಯಲ್ಲ...”

“ಕತ್ತರಿಸಿದ್ದು ಅವ್ರು. ಕೆಳಗೆ ಬರ್ದೋನ್ಯಾರ್ಲಾ?”

ಅವನ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಒರೆಸಿಕೊಳ್ಳಲಿಲ್ಲ.

“ಆ ಆಫೀಸ್ನಾಗೆ ನಮ್ ಮಾತು ಬರೋನು ನೀನೊಬ್ನೇ. ನನ್ ಬಾಯಿಗೆ ಆ ಮಾತು ತುರುಕ್ದೋನು ನೀನೇ ಅಲ್ವೇನ್ಲಾ?”

“ಕೆಲ್ಸ ಹೋಗ್ಬುಡ್ತಿತ್ತಕ್ಕ.”

ಬೈಯಬೇಕೆಂದು ಬಂದವಳಿಗೆ ಒಂದು ಬೈಗುಳವೂ ನೆನಪಾಗಲಿಲ್ಲ. ಮೂರ್ತಿ ಜಡೆ ಎಳೆದಾಗ ಇಷ್ಟು ನೊಂದಿರಲಿಲ್ಲ. ಹಾಗೇ ತಿರುಗಿ ಬಂದಳು. ಒಲೆ ಹಚ್ಚಲಿಲ್ಲ.

ಗುರುವಾರ ಬೆಳಿಗ್ಗೆ ಕಾರ್ಖಾನೆಯ ಬಸ್ಸು ಕಾಲನಿಯ ಮುಂದೆ ನಿಂತಿತು. ಮುಂದಿನ ಸೀಟಿನಲ್ಲಿ ಮೂರ್ತಿ ಇದ್ದ. ಗಂಗಾದೇವಿ ಹತ್ತಿದಳು, ಕೂರಲಿಲ್ಲ. ಕಂಬಿ ಹಿಡಿದು ಹಿಂದಕ್ಕೆ ತಿರುಗಿ ನಿಂತಳು. ಆರು ಊರಿನ ಐವತ್ತು ಹೆಂಗಸರು ಅವಳನ್ನೇ ನೋಡಿದರು.

“ಟಿವಿ ನೋಡಿದ್ರಲ್ಲಾ? ಅದು ನಾನಲ್ಲ. ನನ್ ಬಾಯಿಂದ್ಲೇ ಕೇಳ್ರಿ ಈಗ.”

“ಏಯ್, ಕೂತ್ಕಳೇ!” ಮೂರ್ತಿ ಎದ್ದ. ಡ್ರೈವರ್ ಹಾಡಿನ ಸದ್ದು ಹೆಚ್ಚಿಸಿದ. ಸೆಲ್ವಿ ಎದ್ದು ಹೋಗಿ ಅದರ ವೈರು ಕಿತ್ತಳು.

ಗಂಗಾದೇವಿ ಹೇಳತೊಡಗಿದಳು. ಅವಳು ಒಂದು ಮಾತು ಮುಗಿಸಿದೊಡನೆ ಸೆಲ್ವಿ ಅದನ್ನೇ ತಮಿಳಿನಲ್ಲಿ ಹೇಳಿದಳು, ಒಂದಕ್ಷರ ಬಿಡದೆ. ಹಿಂದಿನ ಸೀಟಿನಿಂದ ಪಾರ್ವತಮ್ಮ ತೆಲುಗಿನವರಿಗೆ ಹೇಳಿದಳು. ಒಂದೊಂದು ಮಾತೂ ಬಸ್ಸಿನ ಕೊನೆಯ ಸೀಟು ಮುಟ್ಟುವವರೆಗೆ ಗಂಗಾದೇವಿ ಕಾದಳು. ಮೂರ್ತಿ ಯಾರಿಗೋ ಫೋನು ಹಚ್ಚಿ “ಸಾರ್, ಸಾರ್” ಎನ್ನುತ್ತಿದ್ದ.

ಬಸ್ಸು ಗೇಟಿನೊಳಗೆ ನಿಂತಿತು. ಸೆಕ್ಯುರಿಟಿಯವನು ಸೀಟಿ ಊದಿದ. ಬಾಗಿಲ ಬಳಿಯ ಹೆಂಗಸೊಬ್ಬಳು ಅಭ್ಯಾಸಬಲದಿಂದ ಅರ್ಧ ಎದ್ದಳು. ಸುತ್ತ ನೋಡಿ ಮತ್ತೆ ಕೂತಳು.

“ಇಳೀರೇ ಮುಂಡೇರಾ! ಒಬ್ಬಳಿಗೂ ನಾಳೆಯಿಂದ ಕೆಲ್ಸ ಇರಲ್ಲ!”

ಶಿಫ್ಟಿನ ಸೈರನ್ನು ಕೂಗಿತು. ಹಿಂದೆಯೇ ಬಂದು ನಿಂತ ಎರಡನೆಯ ಬಸ್ಸಿನ ಕಿಟಕಿಗಳಲ್ಲಿ ಮುಖಗಳು ಹಣಕಿದವು. ಯಾರೂ ಇಳಿಯಲಿಲ್ಲ. ಗಂಗಾದೇವಿ ಇನ್ನೂ ಹೇಳುತ್ತಲೇ ಇದ್ದಳು. ಅವಳ ಮಾತು ಅಂಬುಲೆನ್ಸಿನವರೆಗೆ ಇನ್ನೂ ಬಂದಿರಲಿಲ್ಲ.