ಪರಾಗದ ಗುಳಿಗೆ

ಹೊತ್ತು ಮುಳುಗಿದ ಮೇಲೆ ನನ್ನ ಅತ್ತೆ ಹೀರಾ ಒಂದು ಹನಿ ನೀರೂ ಮುಟ್ಟುವುದಿಲ್ಲ. ಜೈನರ ಮನೆ, ವ್ರತ ಸರಿ. ಆದರೆ ಬೆನ್ನಲ್ಲಿ ಗಡ್ಡೆ ಎದ್ದ ಮೇಲೂ ಅದೇ ಹಟವೆಂದರೆ ಯಾರಿಗೆ ತಲೆ ಕೆಡುವುದಿಲ್ಲ? ಸಂಜೆ ನುಂಗಿದ ಗುಳಿಗೆಯ ಬಲ ನಡುರಾತ್ರಿಗೆ ಮುಗಿಯುತ್ತದೆ. ಆಮೇಲೆ ಸೆರಗು ಕಚ್ಚಿಕೊಂಡು ಬೆಳಗಿನವರೆಗೆ ನರಳುತ್ತಾರೆ. ಕೇಳಿ ಕೇಳಿ ನಾನೂ ಅರ್ಧ ಸತ್ತಿದ್ದೇನೆ.

ಹೀಗಿರುವಾಗ ಬೆಳಗಾವಿಯಲ್ಲಿ ಔಷಧಿ ಸಂಶೋಧನೆ ಮಾಡುವ ನನ್ನ ಮಗಳು ಮಾನಸಿ ಆಸ್ಪತ್ರೆಯ ಒಪ್ಪಿಗೆ ಕಾಗದ ಹಿಡಿದು ತೇರದಾಳಕ್ಕೆ ಬಂದಳು. ಸೂರ್ಯಕಾಂತಿಯ ಪರಾಗವನ್ನು ತೊಳೆದು, ಒಳಗಿನದೆಲ್ಲ ತೆಗೆದು, ಉಳಿದ ಸಿಪ್ಪೆಯೊಳಗೆ ನೋವಿನ ಔಷಧಿ ತುಂಬುತ್ತಾರಂತೆ. ಆ ಸಿಪ್ಪೆ ಬಲು ಗಟ್ಟಿ, ಔಷಧಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದಂತೆ. ಹೊತ್ತಿರುವಾಗ ನುಂಗಿದರೆ ಬೆಳಗಿನವರೆಗೂ ಸಾಕು. ಈಗ ರೋಗಿಗಳಿಗೆ ಕೊಟ್ಟು ನೋಡುತ್ತಿದ್ದಾರೆ, ಅತ್ತೆ ಸಹಿ ಹಾಕಬೇಕಷ್ಟೆ. ನನಗೆ ಹೋದ ಜೀವ ಬಂದಂತಾಯಿತು.

"ಪರಾಗ ಜೇನ್ನೊಣದಿಂದ ಕಸಗೊಂಡದ್ದೇನು?" ಅತ್ತೆ ಕೇಳಿದರು. ಜೇನುತುಪ್ಪವನ್ನೇ ಮುಟ್ಟದವರು ಅವರು.

"ಇಲ್ಲ ಆಯಿ," ಎಂದಳು ಮಾನಸಿ ಅಜ್ಜಿಗೆ. "ಸಾವಳಗಿ ಹೊಲದಾಗ ಹೂವಿಗೆ ಬಟ್ಟಿ ಒರಸಿ ನಾವ ತಂದೇವಿ."

ಅತ್ತೆ ಪೆನ್ನು ಕೈಗೆ ತೆಗೆದುಕೊಂಡರು. ಹೆಸರಿನ ಮೊದಲ ಅಕ್ಷರ ಬರೆಯುವಷ್ಟರಲ್ಲಿ ಕೈ ನಿಂತಿತು.

"ಮೊದಲ ಯಾರಿಗೆ ಕೊಟ್ಟು ನೋಡೀರಿ?"

"ಇಲಿಗೆ."

"ಅವು ಈಗ ಎಲ್ಲದಾವು?"

ಹೇಳಬೇಡ ಎಂದು ಮಗಳಿಗೆ ಕಣ್ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ಕೊಯ್ದು ನೋಡಬೇಕಾಕ್ಕೈತಿ ಆಯಿ. ಒಂದೂ ಉಳದಿಲ್ಲ."

ಅತ್ತೆ ಪೆನ್ನು ಕೆಳಗಿಟ್ಟರು. "ನನ್ನ ಕೇಳಾಕ ಇಷ್ಟು ದೊಡ್ಡ ಕಾಗದ ತಂದೀ. ಅವನ್ನ ಯಾರು ಕೇಳಿದ್ರವಾ?"

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ನುಂಗಿ ಹಾಕಿದ್ದೆಲ್ಲ ಬಾಯಿಗೆ ಬಂತು. "ಈಗ ದಿನಾ ತಗೋತೀರಲ್ಲ ಅತ್ತಿ, ಆ ಗುಳಿಗಿನೂ ಹಂಗ ಇಲಿ ಕೊಯ್ದ ಬಂದದ್ದರಿ," ಎಂದುಬಿಟ್ಟೆ.

ಅತ್ತೆ ಮೊಮ್ಮಗಳ ಮುಖ ನೋಡಿದರು. "ಖರೆ ಏನವಾ?" ಮಾನಸಿ ತಲೆ ತಗ್ಗಿಸಿದಳು. ಅವಳಿಗೆ ಸುಳ್ಳು ಹೇಳಲು ಕಲಿಸಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ಹೊತ್ತು ಇಳಿಯುವ ಮುಂಚೆ ಎಂದಿನಂತೆ ನೀರು, ಗುಳಿಗೆ ಒಯ್ದೆ. ಅತ್ತೆ ನೀರು ಕುಡಿದರು. ಗುಳಿಗೆಯನ್ನು ನನ್ನ ಅಂಗೈಯಲ್ಲಿಟ್ಟು, ಸೆರಗನ್ನು ಮಡಚಿ ಬಾಯಿಯ ಹತ್ತಿರ ಇಟ್ಟುಕೊಂಡು ಮಲಗಿದರು.