ಟಗರು ಮೈ ಕೊಡವಲಿಲ್ಲ

ನಮ್ಮಣ್ಣ ಮುದ್ದಪ್ಪನಿಗೆ ಕುರಿಯ ಮನಸ್ಸು ಚೆನ್ನಾಗಿ ಅರ್ಥವಾಗುತ್ತದೆ, ಮಗಳದ್ದು ಮಾತ್ರ ಆಗುವುದಿಲ್ಲ. ಮೌನಿಕಾಳನ್ನು ಹಿರೇಗುಂಟನೂರಿನ ಪ್ರಭುವಿಗೆ ಗೊತ್ತು ಮಾಡಿಬಿಟ್ಟಿದ್ದ. ಪ್ರಭುವಿನ ಮೊದಲ ಹೆಂಡತಿ ಬಾವಿಗೆ ಬಿದ್ದು ಸತ್ತು ಇನ್ನೂ ವರ್ಷ ತುಂಬಿಲ್ಲ. ಬಿದ್ದಳೋ, ಹಾರಿಕೊಂಡಳೋ? ಕೇಳಿದರೆ ನಾನೇ ಕೆಟ್ಟ ಬಾಯಿಯವಳು.

ಚಪ್ಪರ ಹಾಕಿದ ದಿನ ಹುಡುಗಿ ಊಟ ಬಿಟ್ಟು ಮೂಲೆ ಸೇರಿತ್ತು. ಬಿ.ಎಡ್. ಓದಿದ ಅವಳಣ್ಣ ಗಿರೀಶ ಬುದ್ಧಿ ಹೇಳಲು ಬಂದ.

"ಇದಕ್ಕೆ ಇಂಗ್ಲಿಷ್‌ನಾಗೆ ಕೋಲ್ಡ್ ಫೀಟ್ ಅಂತಾರೆ ಕಣಮ್ಮ. ಮದುವೆ ಹತ್ರ ಬಂದಾಗ ಮನಸು ಹಿಂದೇಟು ಹಾಕ್ತೈತೆ. ಎಲ್ರಿಗೂ ಆಗ್ತೈತೆ."

"ಅದು ಮೊದ್ಲು ಹೂಂ ಅಂದೋರಿಗೆ ಆಗೋದು ಕಣಣ್ಣ. ನಾನ್ಯಾವಾಗ ಹೂಂ ಅಂದೆ?" ಎಂದಳು ಮೌನಿಕಾ.

ಅವನು ಫೋನು ನೋಡುತ್ತಾ ಎದ್ದುಹೋದ.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಮನೆದೇವರಿಗೆ ಟಗರು ಕೊಡಬೇಕು. ಮೊದಲು ಅದರ ಮೇಲೆ ನೀರು ಹಾಕುತ್ತೇವೆ. ಮೈ ಕೊಡವಿದರೆ ಒಪ್ಪಿತೆಂದು ಲೆಕ್ಕ, ಕೊಡವದಿದ್ದರೆ ಕತ್ತಿ ಎತ್ತುವಂತಿಲ್ಲ. ಡಿಸೆಂಬರಿನ ಚಳಿ. ಗಂಡಿನ ಕಡೆಯವರೂ ನಮ್ಮೂರು ಯಲ್ಲದಕೆರೆಗೆ ಬಂದು ಸುತ್ತ ನಿಂತಿದ್ದರು. ಅಣ್ಣ ನೀರು ಹಾಕಿದ. ಟಗರು ಸುಮ್ಮನೆ ನಿಂತಿತು. ತಪ್ಪಾಗಿದ್ದರೆ ಹೊಟ್ಟೆಗೆ ಹಾಕ್ಕೋ ತಾಯಿ ಎಂದು ಕೈಮುಗಿದು ಮತ್ತೆ ಹಾಕಿದ. ಅದು ಕಿವಿಯನ್ನೂ ಆಡಿಸಲಿಲ್ಲ.

"ಅದಕ್ಕೆ ಮನಸಿಲ್ಲ. ಬಲವಂತ ಮಾಡಿದ್ರೆ ಪಾಪ ಸುತ್ಕಂತೈತೆ," ಎಂದು ಅಣ್ಣ ಹಗ್ಗ ಬಿಚ್ಚಿದ. "ಬ್ಯಾರೇದು ಹಿಡ್ಕಂಬರ್ರಿ."

ನನ್ನ ಪಕ್ಕದಲ್ಲಿದ್ದ ಮೌನಿಕಾ ನೆಟ್ಟಗೆ ಹೋಗಿ ಅಪ್ಪನ ಕೈಯಿಂದ ಬಿಂದಿಗೆ ಕಸಿದು ತಲೆ ಮೇಲೆ ಸುರಿದುಕೊಂಡಳು. ಟಗರು ನಿಂತಿದ್ದ ಜಾಗದಲ್ಲೇ ನಿಂತಳು.

"ನನ್ನೂ ಕೇಳಪ್ಪ," ಎಂದಳು.

ಹಲ್ಲು ಕಚ್ಚಿ, ಮುಷ್ಟಿ ಬಿಗಿದು ಅಲುಗಾಡದೆ ನಿಂತಿತ್ತು ಕೂಸು. ಅಣ್ಣನ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ನೋಡಿದೆ. ಏನೋ ಹೇಳಲು ಬಾಯಿ ತೆರೆದಿದ್ದ ಕೂಡ. ಅಷ್ಟರಲ್ಲಿ ಗುಡ್ಡದ ಕಡೆಯಿಂದ ಗಾಳಿ ಬೀಸಿ, ಒದ್ದೆ ಸೀರೆಯಲ್ಲಿ ಅವಳ ಮೈ ಗಡಗಡ ನಡುಗಿತು.

"ಮೈ ಕೊಡವಿದ್ಲು ನೋಡ್ರಿ. ಒಪ್ಗೆ ಆತು," ಎಂದಳು ಪ್ರಭುವಿನ ತಾಯಿ ಪಾಲಮ್ಮ.

ಗಂಡಿನ ಕಡೆಯವರೆಲ್ಲ ನಕ್ಕರು.

"ಚಳಿಗೆ ಕಣ್ರೇ ಅದು, ನಿಮ್ಮ ಬಾಯಿಗೆ ಮಣ್ಣು ಹಾಕ," ಎಂದೆ. ನನ್ನ ಮಾತು ಯಾರಿಗೆ ಬೇಕು?

ಅಣ್ಣ ತೆರೆದ ಬಾಯಿ ಮುಚ್ಚಿಕೊಂಡ. ಹೆಗಲ ಮೇಲಿನ ಟವೆಲ್ ತೆಗೆದು ಮಗಳ ತಲೆ ಒರೆಸಿದ.

"ಒಳಗೆ ಹೋಗವ್ವ. ನೆಗಡಿ ಆದ್ರೆ ನಾಳೆ ಧಾರೆಗೆ ಕುಂತ್ಕಳಾಕೆ ಆಗಲ್ಲ."

ಬಿಟ್ಟ ಟಗರು ಆಗಲೇ ಬೇಲಿ ಪಕ್ಕ ಮೇಯುತ್ತಿತ್ತು.